ಬುದ್ಧಿಮಾತು ಹೋಗಬೇಕಾದ ಮನೆ



ಇಂದಿನ ಪಾಠ ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯ, ಸುಂಕ ವಸೂಲಿಗಾರ ಜಕ್ಕಾಯನ ಕಥೆ. ಯೇಸುವನ್ನು ನೋಡಲು ಅವನು ಮರ ಹತ್ತಿದ್ದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಇಳಿದ ಮೇಲೆ ನಡೆದದ್ದನ್ನು ನೋಡಿ. ಊರವರು ಗೊಣಗುತ್ತಿದ್ದರೂ ಯೇಸು ನೇರವಾಗಿ ಅವನ ಮನೆಗೇ ಹೋದನು. ಅವನಿಂದ ಮೋಸಹೋದವರನ್ನು ಕರೆಸಿ, ಹೋಗಲಿ ಬಿಡಿ, ಸ್ವಲ್ಪ ಸಹಿಸಿಕೊಳ್ಳಿ ಎನ್ನಲಿಲ್ಲ. ಎದ್ದು ನಿಂತು ಲೆಕ್ಕ ಒಪ್ಪಿಸಿದವನು ಜಕ್ಕಾಯನೇ: ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು.

ನಮ್ಮಲ್ಲಿ ಇದೆಲ್ಲ ತಿರುವುಮುರುವು. ಗಂಡ ಕೈ ಮಾಡಿದ ಸುದ್ದಿ ಬಂದರೆ ಹಿರಿಯರು ಕೂತು ರಾಜಿ ಮಾಡಿಸುತ್ತೇವೆ. ಕಾಫಿ ಅವನಿಗೆ, ಬುದ್ಧಿಮಾತು ಅವಳಿಗೆ. ಹೊಂದಿಕೊಂಡು ಹೋಗಮ್ಮ, ಎದುರು ಮಾತಾಡಬೇಡ, ಮಕ್ಕಳ ಮುಖ ನೋಡು, ಕ್ಷಮಿಸು. ಆಮೇಲೆ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ ಪ್ರಾರ್ಥನೆ. ಹೊಡೆದರೂ ಏನೂ ಆಗುವುದಿಲ್ಲ ಎಂದು ಅವನು ಕಲಿತು ಹೋಗುತ್ತಾನೆ. ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಅವಳು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಯಾವುದಾದರೊಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಎಂದ ಗಂಡಸರು ನೂರಕ್ಕೆ ಎಂಬತ್ತಕ್ಕೂ ಹೆಚ್ಚು. ಆ ಲೆಕ್ಕದಲ್ಲಿ ನಮ್ಮ ಸಭೆಯ ಮನೆಗಳಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೊಡೆಯುವವನು ಬದಲಾಗಬಲ್ಲನೇ? ಬಲ್ಲನು. ಇದನ್ನು ನಂಬದಿದ್ದರೆ ನಾನು ಈ ಪೀಠದಲ್ಲಿ ನಿಲ್ಲಲಾರೆ. ಆದರೆ ಅತ್ತದ್ದನ್ನೆಲ್ಲ ಪಶ್ಚಾತ್ತಾಪ ಎಂದು ಎಣಿಸಬೇಡಿ. ಹೊಡೆದ ಮರುದಿನ ಮಲ್ಲಿಗೆ ತಂದವನು ಮುಂದಿನ ತಿಂಗಳು ಮತ್ತೆ ಹೊಡೆದದ್ದನ್ನು ಇಲ್ಲಿ ಕೂತ ಎಷ್ಟೋ ತಾಯಂದಿರು ಬಲ್ಲರು. ನೆಪ ಬಿಟ್ಟ ದಿನ ಅವನು ಬದಲಾಗಲು ಶುರುಮಾಡುತ್ತಾನೆ. ಕುಡಿದಿದ್ದೆ ಎನ್ನುತ್ತಾನೆ, ಎಷ್ಟು ಕುಡಿದರೂ ಮೇಸ್ತ್ರಿಯ ಮೇಲೆ ಕೈ ಎತ್ತುವುದಿಲ್ಲ. ಕೋಪ ತಡೆಯಲಾಗಲಿಲ್ಲ ಎನ್ನುತ್ತಾನೆ. ಬಾಗಿಲು ಹಾಕಿ, ಟಿವಿ ಜೋರು ಮಾಡಿ, ಸೀರೆ ಮುಚ್ಚುವ ಕಡೆಯೇ ಹೊಡೆಯುವಷ್ಟು ಎಚ್ಚರ ಆ ಕೋಪಕ್ಕೆ ಇರುತ್ತದೆ. ಕುಡಿತ ಬಿಡಿಸಲೇಬೇಕು, ಅದಕ್ಕೆ ಆಸ್ಪತ್ರೆಯಿದೆ, 14416ಕ್ಕೆ ಫೋನು ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ದಾರಿ ಹೇಳುತ್ತಾರೆ. ಆದರೆ ಬಾಟಲಿ ಬಿಟ್ಟ ಮೇಲೂ ಅವಳ ಸಂಬಳ ಕಿತ್ತುಕೊಳ್ಳುವುದು, ಫೋನು ತಡಕಾಡುವುದು, ತವರಿಗೆ ಕಳಿಸದಿರುವುದು ನಿಲ್ಲದಿದ್ದರೆ ಅವನ ಯಜಮಾನಿಕೆ ಹಾಗೆಯೇ ಉಳಿದಿದೆ.

ನೆಪಗಳ ವಿಷಯದಲ್ಲಿ ದೇಶದ ಕಾನೂನು ನಮ್ಮ ಹಿರಿಯರಿಗಿಂತ ವಿವೇಕಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆಪ್ತಸಮಾಲೋಚನೆ ನಡೆದಾಗ, ಹಿಂಸೆಗೆ ಯಾವ ಸಮರ್ಥನೆಯನ್ನೂ ಕೇಳಲಾಗದು ಎಂದು ಅವನಿಗೆ ಮೊದಲೇ ತಿಳಿಸಬೇಕು. ಇನ್ನು ಹಿಂಸೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಯನ್ನು ಅವನಿಂದ ಪಡೆಯಬೇಕು. 2006ರ ನಿಯಮಗಳು ಹಾಗೆ ಹೇಳುತ್ತವೆ. ಅವಳೇನು ಅಂದಳು, ಸಾರು ಏಕೆ ತಣ್ಣಗಿತ್ತು ಎಂಬ ವಿಚಾರಣೆಗೆ ಅಲ್ಲಿ ಜಾಗವಿಲ್ಲ. ಇನ್ನು ಮುಂದೆ ನಮ್ಮಲ್ಲೂ ಇರಬಾರದು.

ಸಭೆಯಾಗಿ ನಮ್ಮ ಮೊದಲ ಕೆಲಸ ಅವಳ, ಮಕ್ಕಳ ಜೀವ ಕಾಪಾಡುವುದು. 181 ಮಹಿಳಾ ಸಹಾಯವಾಣಿ, 112 ಪೊಲೀಸರು. ಈ ಎರಡು ಸಂಖ್ಯೆ ಎಲ್ಲರ ಬಾಯಲ್ಲಿರಲಿ. ಅವಳು ಮನೆ ಬಿಟ್ಟು ಹೊರಟ ಹೊತ್ತೇ ಎಷ್ಟೋ ಸಲ ಎಲ್ಲಕ್ಕಿಂತ ಅಪಾಯದ ಹೊತ್ತು. ಅವಳೆಲ್ಲಿದ್ದಾಳೆಂದು ಅವನು ಕಣ್ಣೀರು ಹಾಕಿ ಕೇಳಿದರೂ ಯಾರೂ ಹೇಳಬೇಡಿ.

ಎರಡನೆಯದು ಗಂಡಸರ ಕೆಲಸ. ಪುರುಷರ ಅನ್ಯೋನ್ಯ ಕೂಟದ ಅಣ್ಣಂದಿರೇ, ನಿಮ್ಮ ಜೊತೆ ಕ್ರಿಕೆಟ್ ನೋಡುವ, ಒಂದೇ ಬೆಂಚಿನಲ್ಲಿ ಕೂರುವ ಗೆಳೆಯನಿಗೆ ನೀವು ಹೇಳಬೇಕು: ನೀನು ಮಾಡಿದ್ದು ತಪ್ಪು, ಅಪರಾಧ, ನಿನ್ನನ್ನು ಬಿಟ್ಟುಹಾಕುವುದಿಲ್ಲ, ನಿನ್ನ ಸುಳ್ಳಿಗೆ ತಲೆಯೂ ಆಡಿಸುವುದಿಲ್ಲ. ಇದು ಒಂದು ದಿನಕ್ಕೆ ಮುಗಿಯದು. ವಾರವಾರವೂ ಹೋಗಬೇಕು, ಪೊಲೀಸರ ಮುಂದೆ ಹೋಗಬೇಕಾದರೆ ಅಲ್ಲಿಗೂ ಕರೆದೊಯ್ಯಬೇಕು. ನಿಜವಾಗಿ ಬದಲಾಗುವವರೆಗೆ ಅವನು ಸಭಾ ಸಮಿತಿಯಲ್ಲಿ ಕೂರಕೂಡದು. ಬದಲಾಗಿದ್ದೇನೆಂದು ಅವನೇ ಸಾಕ್ಷಿ ಹೇಳಿದರೆ ಸಾಲದು. ಅವಳಿಗೆ ಈಗ ಆ ಮನೆಯಲ್ಲಿ ಹೆದರಿಕೆ ಇಲ್ಲವೇ, ಅದನ್ನು ಸ್ತ್ರೀಯರ ಕೂಟದವರು ಅವಳನ್ನು ಒಬ್ಬಳನ್ನೇ ಕೇಳಲಿ, ಅವಳಿಗೆ ಹೇಳುವ ಮನಸ್ಸಿದ್ದರೆ.

ಅವನು ಪೂರ್ತಿ ಬದಲಾದರೂ ಅವಳು ಹಿಂದಿರುಗಲೇಬೇಕೆಂಬ ಸಾಲ ಅವಳ ಮೇಲಿಲ್ಲ. ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದಾಗ, ಮೋಸಹೋದವರು ನನ್ನನ್ನು ಅಪ್ಪಿಕೊಳ್ಳಲಿ ಎಂಬ ಷರತ್ತು ಹಾಕಲಿಲ್ಲ.

ಈ ಮಾತು ನಿನಗೇ ಎಂದು ಗೊತ್ತಾಗಿ ತಲೆ ತಗ್ಗಿಸಿ ಕೂತಿರುವ ತಮ್ಮಾ, ಇಂದು ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಒಬ್ಬನೇ ಬಾ, ಹೆಂಡತಿಯನ್ನು ಕರೆತರಬೇಡ. ಅವಳು ಏನು ಮಾಡಿದಳೆಂದು ನಾನು ಕೇಳುವುದಿಲ್ಲ. ನೀನು ಏನು ಮಾಡಿದೆ, ಎಂದಿನಿಂದ ಮಾಡುತ್ತಿದ್ದೀಯ, ಈ ರಾತ್ರಿ ಎಲ್ಲಿ ಮಲಗುತ್ತೀಯ, ಅಷ್ಟನ್ನೇ ಕೇಳುತ್ತೇನೆ.