ಬಿಟ್ಟುಕೊಡುವುದೆಲ್ಲ ತ್ಯಾಗವೇ?

ಹೆಮಿಂಗ್ವೇಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕತೆಯನ್ನು ಬಿ.ಎ. ತರಗತಿಗೆ ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಿದ್ದರು: “ಮೇಡಂ, ಅವಳದು ತ್ಯಾಗ ಅಲ್ವಾ?” ಕೇಳುತ್ತಿದ್ದವರು ಹೆಚ್ಚಾಗಿ ಹುಡುಗಿಯರೇ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

1927ರಲ್ಲಿ ಪ್ರಕಟವಾದ ಪುಟ್ಟ ಕತೆ ಅದು. ಸ್ಪೇನಿನ ಎಬ್ರೋ ಕಣಿವೆಯ ರೈಲು ನಿಲ್ದಾಣ, ಸುಡುಬಿಸಿಲು. ಮ್ಯಾಡ್ರಿಡ್‌ಗೆ ಹೋಗುವ ಗಾಡಿ ಬರಲು ಇನ್ನೂ 40 ನಿಮಿಷವಿದೆ. ಒಬ್ಬ ಅಮೆರಿಕನ್, ಜೊತೆಗೆ ಜಿಗ್ ಎಂಬ ಹುಡುಗಿ, ಬಿಯರ್ ಕುಡಿಯುತ್ತ ಕೂತಿದ್ದಾರೆ. ಅವಳು ಬಸಿರಿ, ಅವನಿಗೆ ಮಗು ಬೇಡ. ಗರ್ಭಪಾತ ಎಂಬ ಮಾತು ಕತೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಬಹಳ ಸುಲಭ ಅನ್ನುತ್ತಾನೆ, ನಿನಗೆ ಇಷ್ಟವಿಲ್ಲದಿದ್ದರೆ ಬೇಡ ಅನ್ನುತ್ತಾನೆ, ಉಸಿರು ಬಿಡುವಷ್ಟರಲ್ಲಿ ಮತ್ತೆ ಸುಲಭ ಅನ್ನುತ್ತಾನೆ. ಒಪ್ಪಿಕೊಂಡರೆ ಎಲ್ಲ ಮೊದಲಿನಂತಾಗುತ್ತದಾ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುತ್ತಾಳೆ ಅವಳು. ಕೊನೆಗೆ, ಮಾಡಿಸಿಕೊಳ್ಳುತ್ತೇನೆ, ನನಗೆ ನನ್ನ ಬಗ್ಗೆ ಚಿಂತೆಯೇ ಇಲ್ಲ ಎಂದುಬಿಡುತ್ತಾಳೆ.

ಹುಡುಗಿಯರು ತ್ಯಾಗ ಅನ್ನುತ್ತಿದ್ದದ್ದು ಇದನ್ನೇ.

ಆದರೆ ತ್ಯಾಗ ಮಾಡುವವಳಿಗೆ ತಾನೆಂಬುದೊಂದು ಇರಬೇಕಲ್ಲ? ಇದು ನನ್ನದು, ನನಗೆ ಬೇಕು, ಆದರೂ ಬಿಡುತ್ತೇನೆ ಎನ್ನುವವಳು ತ್ಯಾಗಿ. ಜಿಗ್ ಮೊದಲು ತನ್ನನ್ನೇ ಲೆಕ್ಕದಿಂದ ತೆಗೆದುಹಾಕಿ, ಆಮೇಲೆ ಒಪ್ಪುತ್ತಾಳೆ. ಗೀತೆಯ 18ನೇ ಅಧ್ಯಾಯವೂ ಬಿಟ್ಟದ್ದನ್ನೆಲ್ಲ ತ್ಯಾಗವೆಂದು ಎಣಿಸುವುದಿಲ್ಲ. ಮೈಗೆ ಕಷ್ಟವೆಂದು ಅಂಜಿ ಕರ್ಮ ಬಿಟ್ಟವನದು ರಾಜಸ ತ್ಯಾಗ, ಅದಕ್ಕೆ ತ್ಯಾಗದ ಫಲವಿಲ್ಲ ಎನ್ನುತ್ತದೆ. ಅಲ್ಲಿನ ಮಾತು ಕರ್ಮದ್ದು, ನಿಜ. ಆದರೆ ಅಂಜಿಕೆ ಹುಟ್ಟಿಸಿದ ಬಿಡುವಿಕೆ ಎಂಬ ಎಚ್ಚರ ಇಲ್ಲಿಗೂ ಸಲ್ಲುತ್ತದೆ. ಜಿಗ್‌ಳ ಅಂಜಿಕೆ ಅವನನ್ನು ಕಳೆದುಕೊಳ್ಳುವುದರದು.

ಒಪ್ಪಿದ ಮೇಲೆ ಅವಳು ಎದ್ದು ನಿಲ್ದಾಣದ ತುದಿಗೆ ಹೋಗುತ್ತಾಳೆ. ಆಚೆ ಪೈರಿನ ಹೊಲ, ನದಿಯ ದಡದ ಮರಗಳು, ಹೊಲದ ಮೇಲೆ ಸರಿಯುವ ಮೋಡದ ನೆರಳು. ಇದೆಲ್ಲ ನಮ್ಮದಾಗಬಹುದಿತ್ತು ಎನ್ನುತ್ತಾಳೆ. ಅವನು ನೆರಳಿಗೆ ಬಾ ಎಂದು ಕರೆಯುತ್ತಾನೆ. ಅವನ ಕಣ್ಣು ಹೋಗುವುದು ಗೋಡೆಗೊರಗಿಸಿದ ಚೀಲಗಳತ್ತ, ಅವುಗಳಿಗಂಟಿಸಿದ ಹೋಟೆಲ್ ಚೀಟಿಗಳತ್ತ. ತಂದೆಯಾಗಲು ನನಗೆ ಭಯ ಎಂದು ಅವನು ಹೇಳಿದ್ದರೆ ಇಬ್ಬರೂ ಮಾತಾಡಬಹುದಿತ್ತು. ಅವನು ತನ್ನ ಭಯವನ್ನು ಅವಳ ಆಯ್ಕೆಯೆಂದು ಅವಳ ಮುಂದಿಡುತ್ತಾನೆ. ನನ್ನ ಸಿಟ್ಟೆಲ್ಲ ಅಲ್ಲಿಯೇ.

ನಮ್ಮಲ್ಲಿ ಗರ್ಭಪಾತದ ಕುರಿತ 1971ರ ಕಾಯ್ದೆ ವಯಸ್ಕ ಹೆಂಗಸಿನ ಒಪ್ಪಿಗೆಯೊಂದನ್ನೇ ಕೇಳುತ್ತದೆ, ಗಂಡನದು ಬೇಕಿಲ್ಲ. ಒಳ್ಳೆಯ ಕಾಯ್ದೆ ಅದು. ಆದರೆ ಆ ಒಪ್ಪಿಗೆ ಯಾವ ಊಟದ ಮೇಜಿನಲ್ಲಿ, ಯಾರ ಮುನಿಸಿನ ನಡುವೆ ಬಂತೆಂದು ಸಹಿ ಹಾಕಿದ ಕಾಗದ ಹೇಳುವುದಿಲ್ಲ.

ಕೊನೆಗೆ ಅವಳು ಏನು ಮಾಡಿದಳೆಂದು ವಿಮರ್ಶಕರು ಇನ್ನೂ ವಾದಿಸುತ್ತಾರೆ. ತೆಗೆಸಿಕೊಂಡರೆ ತಪ್ಪು, ಹೆತ್ತರೆ ಸರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಒತ್ತಾಯ ಎಷ್ಟೋ ಸಲ ಎದುರು ದಿಕ್ಕಿನಿಂದ ಬರುತ್ತದೆ. ಎರಡೂ ಹೆಣ್ಣಾದವು, ಇನ್ನೊಂದು ನೋಡೋಣ ಎಂದು ಅತ್ತೆ ಹೇಳುತ್ತಾರೆ, ಗಂಡ ಸುಮ್ಮನಿರುತ್ತಾನೆ, ಸೊಸೆ ಆಯ್ತು ಅನ್ನುತ್ತಾಳೆ. ಹೆತ್ತರೂ ಆ ಒಪ್ಪಿಗೆ ಜಿಗ್‌ಳದರಂಥದ್ದೇ.