ಸೂಜಿಯೂ ಜಗಲಿಯೂ

ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿ ವಾರವಾಗಿತ್ತು. ಗುರುವಾರ ಲಸಿಕೆಯ ದಿನ. ನನ್ನ ಮಗಳು ಸೂಜಿ ಕಂಡರೆ ಮಗುವಿಗಿಂತ ಮೊದಲು ತಾನೇ ಅಳುವವಳು. ಹಾಗಾಗಿ ಭದ್ರಾವತಿಯ ನನ್ನ ಶಾಲೆಗೆ ಅರ್ಧ ದಿನ ರಜೆ ಬರೆದು, ತಾಯಿ ಕಾರ್ಡನ್ನು ಚೀಲಕ್ಕೆ ಸೇರಿಸಿ, ಮಗುವನ್ನೆತ್ತಿಕೊಂಡು ಶಿವಮೊಗ್ಗದ ನಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ನಾನೇ ಹೊರಟೆ. ಬಲತೋಳಿಗೊಂದು, ಎಡತೋಳಿಗೊಂದು, ತೊಡೆಗೊಂದು. ಮೂರನೆಯ ಸೂಜಿಗೆ ಮಗು ನನ್ನ ಮುಖ ನೋಡಿದ ರೀತಿ ‘ನೀನೂನಾ ಅಜ್ಜಿ?’ ಎನ್ನುವ ಹಾಗಿತ್ತು. ಚಮಚದಲ್ಲಿ ವಿಟಮಿನ್ ‘ಎ’ ದ್ರಾವಣ ಬಾಯಿಗೆ ಬಿದ್ದ ಮೇಲೆ ಅಷ್ಟಿಷ್ಟು ಕ್ಷಮಿಸಿದಳು.

“ಅರ್ಧ ಗಂಟೆ ಇಲ್ಲೇ ಕೂತಿದ್ದು ಹೋಗಿ ಟೀಚರ್” ಎಂದರು ಸಿಸ್ಟರ್.

ಅರ್ಧ ಗಂಟೆ ಸುಮ್ಮನೆ ಕೂರುವುದು! ಬೆಳಗಾಗುವುದರೊಳಗೆ ಡಬ್ಬಿ ಕಟ್ಟಿ ಭದ್ರಾವತಿಯ ಬಸ್ಸು ಹಿಡಿಯುವ ನನ್ನಂಥವಳಿಗೆ ಅದು ಮರೆತೇ ಹೋದ ವಿದ್ಯೆ. ವರಾಂಡದ ಬೆಂಚಿನ ಮೇಲೆ ಕೂತು, ಬೇರೇನೂ ತೋಚದೆ ಎದುರಿಗೆ ನೋಡಿದೆ. ಆ ಕಟ್ಟಡವನ್ನು ಆಗಲೇ ನಾನು ಸರಿಯಾಗಿ ನೋಡಿದ್ದು.

ನಾಲ್ಕು ಅಂತಸ್ತು. ಕೆಳಗೆ ಶಟರ್ ಹಾಕಿದ ಮಳಿಗೆಗಳು. ಮುಂಭಾಗದ ಅರ್ಧಕ್ಕೆ ನೀಲಿ ಗಾಜು, ಇನ್ನರ್ಧಕ್ಕೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ, ಮೆಟ್ಟಿಲ ಗೋಪುರಕ್ಕೆ ಗಿಳಿಹಸಿರು. ಪಕ್ಕದ ಗೋಡೆಗಳಿಗೆ ಬಣ್ಣವೇ ಇಲ್ಲ, ಬರೀ ಸಿಮೆಂಟು. ಹಬ್ಬದ ದಿನ ಮುಂದಲೆ ಮಾತ್ರ ಬಾಚಿಕೊಂಡು, ಹಿಂದೆ ಸಿಕ್ಕು ಹಾಗೇ ಬಿಟ್ಟ ಹುಡುಗಿಯ ನೆನಪಾಯಿತು. ಗ್ರಾನೈಟಿನ ಮೆಟ್ಟಿಲುಗಳು ಚರಂಡಿ ದಾಟಿ ರಸ್ತೆಗೇ ಕಾಲು ಚಾಚಿದ್ದವು. ಆ ಜಾಗದಲ್ಲಿ ಮೊದಲು ಉದ್ದ ಜಗಲಿಯ ಹಂಚಿನ ಮನೆಯೊಂದಿತ್ತಲ್ಲ, ಅದು ಹೋದದ್ದು ಯಾವಾಗ? ವಾರಕ್ಕೆರಡು ಸಲವಾದರೂ ನಡೆದಾಡುವ ಬೀದಿ. ನನಗೆ ಗೊತ್ತೇ ಆಗಿರಲಿಲ್ಲ.

ಈಚೆಗೆ ಮನೆ ಕಟ್ಟಿಸುವವರೆಲ್ಲರ ಬಾಯಲ್ಲಿ ‘ಎಲಿವೇಷನ್’ ಎಂಬ ಮಾತು ಕೇಳುತ್ತೇನೆ. “ಎಲಿವೇಷನ್‌ಗೇ ಇಷ್ಟು ಲಕ್ಷ ಆಯ್ತು ಕಣ್ರೀ” ಎನ್ನುತ್ತಾರೆ, ಮಗಳ ಮದುವೆಯ ಖರ್ಚು ಹೇಳುವ ಧಾಟಿಯಲ್ಲಿ. ಎಲಿವೇಷನ್ ಎಂದರೆ ಮನೆಯ ಮುಖ. ಮನೆಯೊಳಗೆ ಕೂತವರಿಗೆ ಅದು ಕಾಣುವುದಿಲ್ಲ. ದಿನವಿಡೀ ನೋಡಬೇಕಾದವರು ಎದುರು ಮನೆಯವರು.

“ಎಂಥಾ ವಿಕಾರ, ಅಲ್ವೇನೇ ಪುಟ್ಟಿ?” ಎಂದು ಮಗುವಿಗೆ ಹೇಳಿದೆ. ಗಟ್ಟಿಯಾಗಿಯೇ ಹೇಳಿಬಿಟ್ಟೆನೇನೋ. ಪಕ್ಕದಲ್ಲಿ ಇನ್ನೊಂದು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗಿ ನಕ್ಕಳು. “ಅದೇ ನಮ್ಮನೆ ಟೀಚರ್. ಎರಡನೇ ಮಹಡಿ. ಬಾಡಿಗೆಗಿದೀವಿ.”

ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಅವಳಿಗೇನೂ ಬೇಸರವಾದಂತಿರಲಿಲ್ಲ. ತಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಹಳೇನಗರದ ಹಂಚಿನ ವಠಾರದಲ್ಲಿ ಎಂದಳು. ಆರು ಸಂಸಾರಕ್ಕೆ ಒಂದೇ ಬಚ್ಚಲು. ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಪಾತ್ರೆ. ರಾತ್ರಿ ಹೊರಗೆ ಹೋಗಬೇಕಾದರೆ ಅಮ್ಮನನ್ನು ಎಬ್ಬಿಸಬೇಕು. “ಇಲ್ಲಿ ಬಚ್ಚಲು ಒಳಗೇ ಇದೆ, ಕಿಟಕಿಗೆ ಗ್ರಿಲ್ ಇದೆ, ಮಧ್ಯಾಹ್ನ ಮಗು ಪಕ್ಕ ಹೆದರಿಕೆಯಿಲ್ದೆ ಮಲಗ್ತೀನಿ. ಹೊರಗಿಂದ ಹೇಗೆ ಕಾಣತ್ತೋ, ನಾನಂತೂ ಯಾವತ್ತೂ ನಿಂತು ನೋಡಿಲ್ಲ.”

ಹಂಚಿನ ಮನೆಗಳ ಚೆಂದ ಹೊಗಳುವ ನಾವು ಆ ಮನೆಗಳ ಅಡುಗೆಮನೆಯನ್ನು ಮರೆತುಬಿಡುತ್ತೇವೆ. ನನ್ನ ಅತ್ತೆ ನಲವತ್ತು ವರ್ಷ ಊದುಕೊಳವೆ ಊದಿ ಕೆಮ್ಮಿದ್ದು ಅಂಥದೇ ಚೆಂದದ ಮನೆಯ ಹಿಂಬದಿಯಲ್ಲಿ. ಬೀದಿಯವರಿಗೆ ಜಗಲಿ, ಗಂಡಸರಿಗೆ ಪಡಸಾಲೆ, ಹೆಂಗಸರಿಗೆ ಹೊಗೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆಗಳು ಕುಸಿದದ್ದನ್ನು ಕಂಡವರಾರೂ ಹಳೆಯದೆಲ್ಲ ಒಳ್ಳೆಯದೆಂದು ಹೇಳಲಾರರು.

ಹಾಗಾದರೆ ನನ್ನ ಹೊಟ್ಟೆಯೊಳಗಿನ ಸಂಕಟ ಯಾವುದರದು? ಬರೀ ಬಣ್ಣದ್ದೆ? ಆಡಂಬರ ಇಲ್ಲದ್ದೇ ವಿಕಾರ ಎನ್ನಲು ಭದ್ರಾವತಿಯಲ್ಲಿ ಇಷ್ಟು ವರ್ಷ ಓಡಾಡಿದ ನನ್ನಿಂದಾಗದು. ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕೆಲಸ ಶುರುವಾದ ಮೇಲೆ ಕಾರ್ಖಾನೆಯ ಜನಕ್ಕೆಂದು ಕಟ್ಟಿದ ಸಾಲುಮನೆಗಳಲ್ಲಿ ಅಲಂಕಾರವೆಂಬುದೇ ಇಲ್ಲ. ಒಂದರ ಪಡಿಯಚ್ಚು ಇನ್ನೊಂದು. ಆದರೂ ಮುಂದೊಂದಿಷ್ಟು ಅಂಗಳ, ಬೀದಿಗೊಂದಿಷ್ಟು ಮರದ ನೆರಳು. ಅವುಗಳ ಮುಂದೆ ನಡೆದು ಹೋಗುವಾಗ ಯಾರೋ ನನ್ನನ್ನು ದೂಡಿದಂತೆ ಎಂದೂ ಅನಿಸಿದ್ದಿಲ್ಲ.

ಮಗುವಿನ ಬಲತೋಳಿನ ಹತ್ತಿಯನ್ನು ಸರಿಮಾಡುತ್ತ ಕಾರ್ಡು ನೋಡಿದೆ. ‘ದಡಾರ-ರುಬೆಲ್ಲಾ’ ಎಂದಿತ್ತು. ಆ ಹೆಸರು ನನ್ನನ್ನು ಹಳೆಯ ಒಂದು ಪ್ರಶ್ನೆಗೆ ಕರೆದೊಯ್ದಿತು.

2017ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಈ ಲಸಿಕೆ ಹಾಕುವ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. ಶಾಲೆಗಳಲ್ಲೇ ಹಾಕಿದರು. ಮೊಬೈಲುಗಳಲ್ಲಿ ಏನೇನೋ ಗಾಳಿಮಾತು ಹಬ್ಬಿ, ನಮ್ಮ ಶಾಲೆಯಲ್ಲೂ ಕೆಲವರು ‘ನಮ್ಮ ಮಗುವಿಗೆ ಬೇಡ’ ಎಂದು ಚೀಟಿ ಬರೆದು ಕಳಿಸಿದರು. ಅವರ ಮನೆಗಳಿಗೆ ಹೋಗಿ ಮಾತಾಡಿ ಬಂದವರಲ್ಲಿ ನಾನೂ ಒಬ್ಬಳು. ಆ ದಿನ ಏಳನೇ ಇಯತ್ತೆಯ ಹುಡುಗನೊಬ್ಬ ಸಾಲಿನಲ್ಲಿ ನಿಂತು ಕೇಳಿದ, “ಮಿಸ್, ಈ ರುಬೆಲ್ಲಾ ಬಂದ್ರೆ ನಂಗೇನಾಗತ್ತೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸ್ವಲ್ಪ ಜ್ವರ, ಮೈಮೇಲೆ ಸಣ್ಣ ಗುಳ್ಳೆ. ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ ಹೋಗತ್ತೆ.”

“ಮತ್ತೆ ನಂಗ್ಯಾಕೆ ಸೂಜಿ?”

ಎಷ್ಟು ನ್ಯಾಯವಾದ ಪ್ರಶ್ನೆ! 1941ರಲ್ಲಿ ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಎಂಬುವರು ಒಂದು ಸಂಗತಿ ಗಮನಿಸಿದರು. ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ಕೂಸುಗಳ ತಾಯಂದಿರು ಬಸುರಿಯಾಗಿದ್ದಾಗ ಈ ರುಬೆಲ್ಲಾ ಜ್ವರದಲ್ಲಿ ಮಲಗಿದ್ದವರು. ಮೊದಲ ತಿಂಗಳುಗಳಲ್ಲಿ ತಾಯಿಗೆ ಅದು ತಗುಲಿದರೆ ಹುಟ್ಟುವ ಮಗುವಿಗೆ ಕಣ್ಣು, ಕಿವಿ, ಹೃದಯ ಯಾವುದಕ್ಕೂ ಪೆಟ್ಟು ಬೀಳಬಹುದು. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ನೀನು ಬಸ್ಸಿನಲ್ಲಿ ಸೀನುತ್ತೀಯ, ಪಕ್ಕದಲ್ಲೊಬ್ಬ ಅಕ್ಕ ನಿಂತಿರುತ್ತಾಳೆ, ಬಸುರಿ ಎಂದು ಅವಳಿಗೇ ಇನ್ನೂ ಗೊತ್ತಿರುವುದಿಲ್ಲ.

“ಯಾವ ಅಕ್ಕ ಮಿಸ್?”

“ಗೊತ್ತಿಲ್ಲ ಕಣೋ.”

ಅವನು ಸ್ವಲ್ಪ ಹೊತ್ತು ಯೋಚಿಸಿ ತೋಳು ಮಡಚಿದ. ಒಪ್ಪಿಯೇ ಮಡಚಿದನೋ, ಹಿಂದಿನಿಂದ ಹುಡುಗಿಯರು ಕಿಸಕ್ಕೆಂದರೆಂದೋ, ಹೇಳಲಾರೆ. ಹನ್ನೆರಡು ವರ್ಷದವನ ಮೈಗೆ, ಯಾರೋ ಹೆಸರು ಗೊತ್ತಿಲ್ಲದವಳ ಸಲುವಾಗಿ, ನಾವು ದೊಡ್ಡವರು ಸೇರಿ ಸೂಜಿ ಚುಚ್ಚಿಸಿದೆವಲ್ಲ, ಅದು ಸರಿಯೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಸರಿಯೇ ಎನಿಸಿದೆ. ಅವನ ಸ್ವಂತ ಕಣ್ಣು ಕಿವಿಗಳು ಸುರಕ್ಷಿತವಾಗಿ ಹುಟ್ಟಿದ್ದರ ಹಿಂದೆಯೂ ಅವನ ತಾಯಿಗೆ ಅದನ್ನು ಅಂಟಿಸದೆ ಹೋದ ಅಪರಿಚಿತರ ಸಾಲೊಂದು ಇದ್ದೇ ಇದೆಯಲ್ಲ.

ಚೀಟಿ ಬರೆದು ಕಳಿಸಿದವರ ಮಕ್ಕಳಿಗೂ ಏನೂ ಆಗಲಿಲ್ಲ. ಆಗುವುದೂ ಅಪರೂಪ, ಸುತ್ತಲಿನವರೆಲ್ಲ ಹಾಕಿಸಿಕೊಂಡಿದ್ದರಲ್ಲ. ದಡಾರದಂಥ ಅಂಟುರೋಗ ಹರಡದಿರಬೇಕಾದರೆ ನೂರಕ್ಕೆ ಸುಮಾರು 95 ಜನಕ್ಕೆ ರಕ್ಷಣೆ ಇರಬೇಕಂತೆ. ಉಳಿದ ಐದು ಜಾಗ ಇರುವುದು ಕಾಯಿಲೆಯವರಿಗೆ, ಇನ್ನೂ ಒಂಬತ್ತು ತಿಂಗಳಾಗದ ಎಳೆಗೂಸುಗಳಿಗೆ. ಗಟ್ಟಿಮುಟ್ಟಾದವರು ಆ ಜಾಗದಲ್ಲಿ ಹೋಗಿ ಕೂತರೆ? ಮಳೆ ಬಂದಾಗ ಕಂಡವರ ಜಗಲಿಯಲ್ಲಿ ನಿಂತು, ತನ್ನ ಮನೆಗೆ ಮಾತ್ರ ಜಗಲಿ ಇಡದವರ ಹಾಗೆ.

ಜಗಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಂತೆ ಮಳೆ ಬಂತು. ಆಷಾಢದ ಮಳೆ, ಹೇಳಿ ಕೇಳಿ ಬರುವಂಥದಲ್ಲ. ಬೀದಿಯಲ್ಲಿದ್ದ ಜನ ಆ ಕಟ್ಟಡದ ಕಡೆಗೆ ಓಡಿ, ನಿಲ್ಲಲು ಜಾಗವಿಲ್ಲದೆ ನಮ್ಮ ವರಾಂಡಕ್ಕೆ ತಿರುಗಿ ಓಡಿಬಂದರು. ನೀಲಿ ಗಾಜು ನೇರವಾಗಿ ನೆಲಕ್ಕಿಳಿದಿತ್ತು. ಒಂದು ಗೇಣು ಸೂರು ಕೂಡ ಮುಂದೆ ಚಾಚಿರಲಿಲ್ಲ. ಮೇಲಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ತಾರಸಿಯ ನೀರನ್ನೆಲ್ಲ ರಸ್ತೆಗೆ ಸುರಿಯುತ್ತಿತ್ತು, ಸರಿಯಾಗಿ ಸೊಪ್ಪಿನವಳ ಬುಟ್ಟಿಯ ಮೇಲೆ. ಅವಳು ಒಂದೆರಡು ಕಟ್ಟು ಹರಿವೆಯನ್ನು ಎದೆಗವಚಿಕೊಂಡು ಬಂದು ನನ್ನ ಪಕ್ಕ ನಿಂತು ಸೆರಗು ಹಿಂಡಿದಳು. “ಮುಂಚೆ ಅಲ್ಲೇ ಜಗಲಿ ಮೇಲೆ ಇಟ್ಕಂತಿದ್ದೆ” ಎಂದಳು, ಯಾರನ್ನೂ ದೂರದೆ.

“ಆ ಪೈಪಿನ ವಿಷಯ ಓನರಿಗೆ ಎರಡು ಸಲ ಹೇಳಿದೀನಿ ಟೀಚರ್” ಎಂದಳು ಎರಡನೇ ಮಹಡಿಯ ಹುಡುಗಿ ಮೆಲ್ಲಗೆ.

ನನ್ನ ಸಂಕಟಕ್ಕೆ ಆಗ ಹೆಸರು ಸಿಕ್ಕಿತು. ಗಿಳಿಹಸಿರನ್ನು ಕ್ಷಮಿಸಬಹುದು; ನನ್ನ ಹಳೇ ಸೀರೆಗಳಲ್ಲೂ ಆ ಬಣ್ಣದ್ದು ಎರಡಿವೆ. ಮನೆ ಒಳಗಿನವರದು, ಸಂಶಯವಿಲ್ಲ. ಆದರೆ ಅದರ ಮುಖ, ಸೂರು, ನೀರು ಬೀಳುವ ಜಾಗ ದಾರಿಹೋಕರದೂ ಹೌದು. ಸೂಜಿ ಹಾಕಿಸಿಕೊಂಡ ತೋಳು ಆ ಹುಡುಗನದೇ ಆದರೂ ಬಸ್ಸಿನ ಅಕ್ಕನಿಗೂ ಅದರಲ್ಲಿ ಪಾಲಿದ್ದ ಹಾಗೆ. ಇಷ್ಟು ಯೋಚಿಸಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಮನೆಯ ಮೇಜಿನ ಮೇಲೆ ಸುರುಳಿ ಸುತ್ತಿಟ್ಟಿದ್ದ ನಕ್ಷೆ ಕಣ್ಣ ಮುಂದೆ ಬಂತು.

ಹೌದು, ನಮ್ಮ ಮನೆಯನ್ನೂ ಕೆಡವುತ್ತಿದ್ದೇವೆ. ಮಾವನವರು ಕಟ್ಟಿಸಿದ ಹಂಚಿನ ಮನೆ; ಹಿಂದಿನ ಗೋಡೆ ತೇವ ಹಿಡಿದು ಉಬ್ಬಿದೆ, ಬೇರೆ ದಾರಿಯಿಲ್ಲ. ಕೆಳಗೆ ಎರಡು ಮಳಿಗೆ, ಮೇಲೆ ನಾವು, ಅದರ ಮೇಲೆ ಬಾಡಿಗೆಗೆ ಒಂದು. ಎಲಿವೇಷನ್ನಿನ ಬಣ್ಣದ ಚಿತ್ರವನ್ನು ಅಕ್ಕಪಕ್ಕದವರಿಗೆ ತೋರಿಸಿದ್ದೂ ನಾನೇ. ಅದರಲ್ಲೂ ನೀಲಿ ಗಾಜಿದೆ. ಜಗಲಿ ಇಲ್ಲ. ಮಳೆಗಾಲದ ಸಂಜೆ ಕಾಲೇಜು ಬಿಟ್ಟು ಬರುವ ಹುಡುಗಿಯರು, ಸೈಕಲ್ಲಿನ ಮುದುಕರು, ಗೊತ್ತುಗುರಿಯಿಲ್ಲದ ನಾಯಿಗಳು ನಿಲ್ಲುವ ನಮ್ಮ ಜಗಲಿಯ ಜಾಗದಲ್ಲಿ ಶಟರು ಬಂದಿದೆ. ಸಹಿ ಹಾಕುವಾಗ ನನಗದು ಹೊಳೆದಿರಲೇ ಇಲ್ಲ.

ಆ ರಾತ್ರಿ ಮಗುವಿಗೆ ಸಣ್ಣಗೆ ಮೈ ಬೆಚ್ಚಗಾಯಿತು. ಸಿಸ್ಟರ್ ಹೇಳಿದ್ದ ಔಷಧಿ ಹನಿಸಿ ಮಲಗಿಸಿ, ನಕ್ಷೆ ಬಿಚ್ಚಿ ಕೂತೆ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಕೈಗೆ ಸಿಕ್ಕಿತು. ಮಳಿಗೆಗಳ ಮುಂದೆ ನಾಲ್ಕು ಅಡಿ ಒಳಗೆ ಒಂದು ಗೆರೆ ಎಳೆದೆ. ನಮ್ಮವರು ಕನ್ನಡಕ ಏರಿಸಿ ನೋಡಿದರು.

“ನಾಲ್ಕಡಿ ಹೋದ್ರೆ ಮಳಿಗೆ ಬಾಡಿಗೆ ಎಷ್ಟು ಕಡಿಮೆಯಾಗತ್ತೆ, ಲೆಕ್ಕ ಹಾಕಿದೀಯಾ? ನನ್ನ ಪೆನ್ಷನ್ನು ನಿನಗೆ ಗೊತ್ತೇ ಇದೆ.”

ಲೆಕ್ಕ ಹಾಕಿದ್ದೆ. ಸಣ್ಣ ಮೊತ್ತವೇನಲ್ಲ. ಹೇಳಿದೆ.

“ಇಷ್ಟೆಲ್ಲಾ ಯಾರಿಗೋಸ್ಕರ?” ಎಂದರು.

ನನಗೆ ಏಳನೇ ಇಯತ್ತೆಯ ಹುಡುಗ ನೆನಪಾದ. ಅವನಿಗೆ ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ. ನಮ್ಮವರು ಮಾತಾಡದೆ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಪೆನ್ಸಿಲ್ ಹುಡುಕಿ, ನಾಲ್ಕನ್ನು ಎರಡೂವರೆ ಮಾಡಿದರು. ಇನ್ನೂ ಮಾತುಕತೆ ನಡೆದಿದೆ. ಸೋಮವಾರ ಎಂಜಿನಿಯರು ಬರುತ್ತಾರೆ.