ಸರಿಯಾಗಿ ಆಡಿ ಸೋತಾಗ

ಬ್ರಿಜ್ ಆಟದಲ್ಲಿ ಡಮ್ಮಿಯ ಎಲೆಗಳು ಮೇಜಿನ ಮೇಲೆ ಹರಡಿದ ಕೂಡಲೇ ಡಿಕ್ಲೇರರ್ ಕೈ ಹಾಕಬಾರದು, ಮೊದಲು ಎಣಿಸಬೇಕು. ಆ ಸಂಜೆ ನಾನು 3 ನೋ ಟ್ರಂಪ್ ಆಡುತ್ತಿದ್ದೆ. ಒಂಬತ್ತು ಟ್ರಿಕ್ ಬೇಕು. ಖಚಿತವಾಗಿ ಕಂಡದ್ದು ಎಂಟು.

ಒಂಬತ್ತನೆಯದಕ್ಕೆ ಎರಡು ದಾರಿಗಳಿದ್ದವು. ಕಳಾವರ್‌ನಲ್ಲಿ ಎಕ್ಕ, ರಾಜ, ರಾಣಿ ಸೇರಿ ಡಮ್ಮಿಯಲ್ಲಿ ನಾಲ್ಕು ಎಲೆ, ನನ್ನ ಕೈಯಲ್ಲಿ ಮೂರು. ಎದುರಾಳಿಗಳ ಆರು ಎಲೆ 3-3 ಹಂಚಿದ್ದರೆ ಡಮ್ಮಿಯ ನಾಲ್ಕನೆಯ ಸಣ್ಣ ಎಲೆಯೂ ಗೆಲ್ಲುತ್ತದೆ. ಅದರ ಸಾಧ್ಯತೆ ನೂರಕ್ಕೆ ಸುಮಾರು 36. ಇನ್ನೊಂದು ದಾರಿ ಡೈಮಂಡ್ ಫಿನೆಸ್: ರಾಜ ಎಡಗಡೆಯವರಲ್ಲಿದೆ ಎಂದು ನಂಬಿ, ಡಮ್ಮಿಯ ಎಕ್ಕ ಉಳಿಸಿಕೊಂಡು ರಾಣಿ ಇಡುವುದು. ಅದು ನೂರಕ್ಕೆ 50. ಮೊದಲೇ ಫಿನೆಸ್ ಮಾಡಿ ಸೋತರೆ ಎದುರಾಳಿಗಳು ಸ್ಪೇಡ್ ಎಳೆದು ಆಟ ಮುಗಿಸುತ್ತಾರೆ. ಮೊದಲು ಕಳಾವರ್ ನೋಡಿ, ಅದು ಕೈಕೊಟ್ಟರೆ ಮಾತ್ರ ಫಿನೆಸ್ ಮಾಡಿದರೆ ಎರಡೂ ಅವಕಾಶ ಸೇರಿ ಸುಮಾರು 68 ಆಗುತ್ತದೆ.

ಹಾಗೆಯೇ ಆಡಿದೆ. ಕಳಾವರ್ 4-2 ಇತ್ತು. ಡೈಮಂಡ್ ರಾಜ ಬಲಗಡೆ, ಅದೂ ಒಂಟಿಯಾಗಿ. ಸೋತೆ. ಅವೇ ಎಲೆಗಳನ್ನು ಪಕ್ಕದ ಮೇಜಿನಲ್ಲಿ ಆಡಿದವರು ಯೋಚಿಸದೆ ಡೈಮಂಡ್ ಎಕ್ಕ ಎಳೆದರಂತೆ. ಒಂಟಿ ರಾಜ ಬಿತ್ತು. ಅವರಿಗೆ ಭೇಷ್ ಸಿಕ್ಕಿತು. ನನಗೆ, 'ಏನ್ರೀ, ಎಕ್ಕ ಆಡಬಾರದಿತ್ತಾ?'

ಆ ಪ್ರಶ್ನೆ ನನಗೆ ಹೊಸದಲ್ಲ. ಅಪ್ಪನಿಗೆ ಶಸ್ತ್ರಚಿಕಿತ್ಸೆ ಆಗಲಿ ಎಂದು ಸಹಿ ಹಾಕಿದವನು ನಾನು. ಮಾಡಿಸದಿದ್ದರೆ ಅಪಾಯ ಹೆಚ್ಚು ಎಂದು ಇಬ್ಬರು ವೈದ್ಯರು ಹೇಳಿದ್ದರು. ಅಪ್ಪ ಮನೆಗೆ ಮರಳಲಿಲ್ಲ. 'ಬೇಡ ಅಂತ ಬಡ್ಕೊಂಡೆ' ಎಂದು ಅತ್ತೆ ಈಗಲೂ ಹೇಳುತ್ತಾರೆ.

ಫಲ ಕೆಟ್ಟದ್ದಾದರೆ ನಿರ್ಧಾರವೂ ತಪ್ಪೇ? ಬ್ರಿಜ್ ಮೇಜು ಅಲ್ಲ ಎನ್ನುತ್ತದೆ: ಆಡುವಾಗ ತಿಳಿದಿದ್ದನ್ನೆಲ್ಲ ಎಣಿಸಿದೆಯಾ ಎಂದಷ್ಟೇ ಕೇಳಿಕೊಳ್ಳಬೇಕು. ಆದರೆ ಈ ಪ್ರಶ್ನೆಯನ್ನು ನಾವು ಸೋತಾಗ ಮಾತ್ರ ಕೇಳುತ್ತೇವೆ. ಆತುರದಲ್ಲಿ ಆಡಿ ಗೆದ್ದ ಎಷ್ಟೋ ಆಟಗಳನ್ನು ನಾನು ಪರೀಕ್ಷಿಸಿಯೇ ಇಲ್ಲ. ಅದೃಷ್ಟವನ್ನು ಜಾಣತನವೆಂದು ಜೇಬಿಗೆ ಹಾಕಿಕೊಂಡಿದ್ದೇನೆ. ಸೋಲಿಗೆ ಅದೃಷ್ಟವನ್ನು ದೂರುವವನು ಗೆಲುವಿನಲ್ಲೂ ಅದಕ್ಕೆ ಪಾಲು ಕೊಡಬೇಕು.

ಇಷ್ಟಾದರೂ ಲೆಕ್ಕ ಒಂದು ಕಡೆ ನಿಂತುಬಿಡುತ್ತದೆ. 68 ಎನ್ನುವುದು ನೂರಾರು ಆಟ ಆಡುವವನಿಗೆ ಸಮಾಧಾನ. ಅಪ್ಪನ ಎಲೆ ಹಂಚಿದ್ದು ಒಂದೇ ಸಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ವಜ್ಞಾನಿ 'ನೈತಿಕ ಅದೃಷ್ಟ'ದ ಬಗ್ಗೆ ಬರೆಯುತ್ತಾ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟರು. ತನ್ನ ತಪ್ಪಿಲ್ಲದೆ ಅವನ ಲಾರಿಗೆ ಒಂದು ಮಗು ಸಿಕ್ಕಿಬಿಟ್ಟಿದೆ. ನೋಡಿದವರ ಮರುಕಕ್ಕಿಂತ ಅವನ ಸಂಕಟ ಬೇರೆಯೇ. ತಪ್ಪು ನಿನ್ನದಲ್ಲ ಎಂಬ ಮಾತಿಗೆ ತಕ್ಷಣ ಹಗುರಾಗಿಬಿಡುವ ಚಾಲಕನನ್ನು ಕಂಡರೆ ನಮಗೇ ಏನೋ ಅನುಮಾನ. ಸರಿಯಾಗಿ ನಿರ್ಧರಿಸಿದವನಿಗೂ ನೋಯುವ ಹಕ್ಕಿದೆ. ಆ ನೋವು ತಪ್ಪೊಪ್ಪಿಗೆ ಆಗಬೇಕಿಲ್ಲ.

ಮೊನ್ನೆ ಅತ್ತೆ ಮತ್ತೆ ಅದೇ ಮಾತು ತೆಗೆದರು. ವೈದ್ಯರು ಹೇಳಿದ್ದನ್ನು ನೆನಪಿಸಲು ಹೋಗಲಿಲ್ಲ. 'ನನಗೂ ಸಂಕಟ ಆಗುತ್ತೆ ಅತ್ತೆ' ಎಂದು ಪಕ್ಕದಲ್ಲಿ ಕೂತೆ.